ಪರವೂರಿನವರು ಹಾಕಿದ ಚಪ್ಪರ

ಯಕ್ಷಗಾನದ ಕರಪತ್ರ ಓದುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. ಮೊದಲು ಭಾಗವತರು ಯಾರು ಎಂದು ನೋಡುವುದು, ಆಮೇಲೆ ಚೆಂಡೆ ಮದ್ದಳೆ, ಆಮೇಲೆ ಮುಖ್ಯ ವೇಷಗಳು, ಸ್ತ್ರೀವೇಷ, ಹಾಸ್ಯ. ಇಷ್ಟು ಗೊತ್ತಾದರೆ ಕಾಗದ ಮಡಚಿ ಕಿಸೆಗೆ ಹಾಕುತ್ತೇವೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ವ್ಯವಸ್ಥಾಪಕರ ಹೆಸರನ್ನು ಅವರ ಮನೆಯವರು ಬಿಟ್ಟರೆ ಇನ್ಯಾರೂ ಓದುವುದಿಲ್ಲ. ಕಾಪುವಿನ ಗದ್ದೆಯಲ್ಲಿ ಆ ರಾತ್ರಿ ಚೌಕಿಯ ದೀಪ ಉರಿಯಬೇಕಾದರೆ ಓಡಾಡಿದವರು ಮಾತ್ರ ಅವರೇ.

ಮೇಳದ ಮೆನೇಜರರ ಕೆಲಸ ಎಂದರೆ ಏನು? ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಹೆಚ್ಚುಕಡಿಮೆ ಪ್ರತಿ ರಾತ್ರಿ ಒಂದೊಂದು ಊರು. ಇವತ್ತು ಕಾಪು, ನಾಳೆ ಕಾರ್ಕಳದ ಒಳಗಿನ ಯಾವುದೋ ಬೈಲು, ನಾಡಿದ್ದು ಘಟ್ಟದ ಮೇಲೆ. ಆಡಿಸುವವರಿಂದ ವೀಳ್ಯ ತೆಗೆದುಕೊಂಡು ದಿನ ಗೊತ್ತುಮಾಡಬೇಕು, ಕಲಾವಿದರಿಗೆ ಮುಂಗಡ ಕೊಟ್ಟಿರಬೇಕು, ವೇಷದ ಪೆಟ್ಟಿಗೆ ಹೊತ್ತ ಲಾರಿ ಹೊತ್ತಿಗೆ ಸರಿಯಾಗಿ ತಲುಪಬೇಕು, ಅಡುಗೆಯವರು ಬರಬೇಕು, ಮೈಕಿಗೆ ಪೊಲೀಸರ ಅನುಮತಿ ಬೇಕು. ಸಂಜೆ ಐದಕ್ಕೆ ಭಾಗವತರ ಗಂಟಲು ಕಟ್ಟಿತು ಎಂದು ಫೋನ್ ಬಂದರೆ ಏಳರೊಳಗೆ ಇನ್ನೊಬ್ಬರನ್ನು ಹುಡುಕಬೇಕು. ಕಟೀಲು, ಮಂದಾರ್ತಿಯಂಥ ಹರಕೆ ಮೇಳಗಳಲ್ಲಿ ಆಟ ಆಡಿಸುವವರ ಪಟ್ಟಿ ವರ್ಷಗಟ್ಟಲೆ ಉದ್ದ. ಅಲ್ಲಿ ಚಿಂತೆ ಸರದಿಯದ್ದು. ಡೇರೆ ಮೇಳದ ಚಿಂತೆ ಬೇರೆ. ಟಿಕೆಟಿನ ಗಲ್ಲಾಪೆಟ್ಟಿಗೆ ತುಂಬದಿದ್ದರೆ, ಅಕಾಲದಲ್ಲಿ ಒಂದು ಮಳೆ ಹೊಯ್ದರೆ, ಆ ನಷ್ಟ ಯಜಮಾನನ ತಲೆಗೆ.

ಹಣ ಹೊಂದಿಸುವುದು, ಕಲಾವಿದರನ್ನು ಆರಿಸುವುದು, ಪ್ರೇಕ್ಷಕರನ್ನು ಕರೆತರುವುದು, ಲೆಕ್ಕ ಒಪ್ಪಿಸುವುದು, ಮುಂದಿನ ವರ್ಷಕ್ಕೂ ಏನಾದರೂ ಉಳಿಯುವಂತೆ ನೋಡಿಕೊಳ್ಳುವುದು. ದೊಡ್ಡ ಶಹರಗಳಲ್ಲಿ ಇದಕ್ಕೆ ಈಗ ಕಲಾ ನಿರ್ವಹಣೆ ಎಂದು ಹೆಸರು, ವಿದೇಶಗಳಲ್ಲಿ ಸ್ನಾತಕೋತ್ತರ ಪದವಿಯೂ ಇದೆ. ಆದರೆ ಈ ಕೆಲಸದಲ್ಲಿ ಹೆಸರು ಮಾಡಿದವರ ಜೀವನ ತೆಗೆದು ನೋಡಿದರೆ ಪದವಿಯಿಂದ ಬಂದವರು ಕಡಿಮೆ. ಹೆಚ್ಚಿನವರು ಎಲ್ಲಿಂದಲೋ ಹೊರಗಿನಿಂದ ಬಂದವರು. ಊರು ಬಿಟ್ಟವರು, ತಾಯ್ನುಡಿಯ ಸೀಮೆ ದಾಟಿದವರು, ಇಲ್ಲವೇ ಬೇರೆಯೇ ಉದ್ಯೋಗದಲ್ಲಿದ್ದು ಕಲೆಯ ಅಂಗಳಕ್ಕೆ ಕಾಲಿಟ್ಟವರು. ಇದು ಕಾಕತಾಳೀಯವಲ್ಲ ಎಂದು ನನ್ನ ಗುಮಾನಿ. ಕಲೆಯೊಳಗೇ ಹುಟ್ಟಿ ಬೆಳೆದವನಿಗೆ ಅದು ಗೊತ್ತಿಲ್ಲದವನ ಕಷ್ಟ ಕಾಣುವುದಿಲ್ಲ. ಹೊರಗಿನಿಂದ ಬಂದವನು ಆ ಕಷ್ಟವನ್ನು ಸ್ವತಃ ಪಟ್ಟಿರುತ್ತಾನೆ. ಬಾಗಿಲು ಎಲ್ಲಿ ಇಡಬೇಕು ಎಂದು ಅವನಿಗೆ ಗೊತ್ತು.

ಜಾರ್ಜ್ ಅವಾಕಿಯನ್ ಎಂಬವರ ಹೆಸರು ಇಲ್ಲಿನ ಓದುಗರಿಗೆ ಅಪರಿಚಿತ. 1919ರಲ್ಲಿ ರಷ್ಯಾದ ಅರ್ಮಾವೀರ್ ಪಟ್ಟಣದಲ್ಲಿ ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿ, ಇನ್ನೂ ಚಿಕ್ಕವನಿದ್ದಾಗಲೇ ಹೆತ್ತವರೊಂದಿಗೆ ಅಮೆರಿಕ ಸೇರಿದವರು. ಮನೆಯವರದ್ದು ರತ್ನಗಂಬಳಿ ವ್ಯಾಪಾರ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಈ ಹುಡುಗನಿಗೆ ಹತ್ತಿದ ಹುಚ್ಚು ಜಾಝ್ ಸಂಗೀತದ್ದು. ಆ ಸಂಗೀತ ಅವನ ಮನೆಯದ್ದಲ್ಲ, ಅವನ ಜನರದ್ದಲ್ಲ. ಹಾಗಾಗಿಯೇ ಇರಬೇಕು, ಹಳೆಯ ಷಿಕಾಗೊ ಶೈಲಿಯ ವಾದಕರನ್ನು ಕೂಡಿಸಿ, ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ವಿವರಣೆಯ ಪುಸ್ತಿಕೆ ಇಟ್ಟು ಮುದ್ರಿಕೆಗಳ ಒಂದು ಕಟ್ಟು ತರಬೇಕು ಎಂದು ಡೆಕ್ಕಾ ಕಂಪನಿಯ ಬೆನ್ನುಬಿದ್ದ. ಅದು 1940ರ ಸುಮಾರಿಗೆ ಹೊರಬಂತು. ಬಿಡಿಬಿಡಿ ಪ್ಲೇಟುಗಳನ್ನು ಮಾರುವುದೇ ರೂಢಿಯಾಗಿದ್ದ ಕಾಲದಲ್ಲಿ ಇದು ಹೊಸ ಯೋಚನೆ. ಮುಂದೆ ಕೊಲಂಬಿಯಾ ಕಂಪನಿ ಸೇರಿ, ಉದ್ದ ಆಡುವ ಎಲ್‌ಪಿ ಪ್ಲೇಟು ಬಂದ ಮೇಲೆ ಅದಕ್ಕೆ ತಕ್ಕ ಸಂಗೀತ ಸಂಗ್ರಹಗಳನ್ನು ರೂಪಿಸಿದ ಮೊದಲಿಗರಲ್ಲಿ ಒಬ್ಬರಾದರು. ಜಾಝ್ ವಾದಕ ಮೈಲ್ಸ್ ಡೇವಿಸ್‌ನನ್ನು ಕೊಲಂಬಿಯಾಕ್ಕೆ ತಂದವರು ಇವರು.

ನಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಪಂಡಿತ್ ರವಿಶಂಕರ್ 1957ರಲ್ಲಿ ನ್ಯೂಯಾರ್ಕಿನಲ್ಲಿ ಕೊಲಂಬಿಯಾಕ್ಕಾಗಿ ಮುದ್ರಿಸಿದ ‘ದಿ ಸೌಂಡ್ಸ್ ಆಫ್ ಇಂಡಿಯಾ’ ಎಲ್‌ಪಿಯ ನಿರ್ಮಾಪಕರೂ ಇದೇ ಅವಾಕಿಯನ್. ಆ ಪ್ಲೇಟು ರಾಗದಿಂದ ಶುರುವಾಗುವುದಿಲ್ಲ, ರವಿಶಂಕರರ ಮಾತಿನಿಂದ ಶುರುವಾಗುತ್ತದೆ. ರಾಗ ಎಂದರೇನು, ತಾಳ ಎಂದರೇನು ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ನಮ್ಮೂರಿನ ಸಂಗೀತ ರಸಿಕರಿಗೆ ಅದು ತಾಳ್ಮೆ ಕೆಡಿಸುವ ಪೀಠಿಕೆ. ಆದರೆ ಸಿತಾರ್ ಹೆಸರು ಕೇಳದವರ ಮನೆಗೆ ಆ ಪ್ಲೇಟು ಹೋಗಬೇಕಿತ್ತು. ಬಾಗಿಲ ವಿಚಾರ ನಾನು ಹೇಳಿದ್ದು ಇದನ್ನೇ.

ಅರ್ಮೇನಿಯನ್ನರ ಪ್ರಸ್ತಾಪ ಬಂದಾಗ ಮೈಸೂರಿನವರು ಗಾಯಕಿ ಗೌಹರ್ ಜಾನ್ ಹೆಸರು ಎತ್ತದೆ ಬಿಡುವುದಿಲ್ಲ, ಎತ್ತಬೇಕಾದದ್ದೇ. 1873ರಲ್ಲಿ ಆಜಂಗಢದಲ್ಲಿ ಏಂಜೆಲಿನಾ ಎಂಬ ಹೆಸರಿನಲ್ಲಿ ಹುಟ್ಟಿದ ಆಕೆಯ ತಂದೆ ಅರ್ಮೇನಿಯನ್ ಮೂಲದವರು. 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದ ಗ್ರಾಮಫೋನ್ ಕಂಪನಿಯವರ ಮುಂದೆ ಕುಳಿತು ಹಾಡಿ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರು ಹಾಡಿದ್ದೆಂದು ಅಲ್ಲಿಯವರಿಗೆ ಗುರುತು ಸಿಗಲಿ ಎಂದು ಆ ವ್ಯವಸ್ಥೆ. ಎಷ್ಟೋ ಉಸ್ತಾದರು ಕೊಂಬಿನ ಮುಂದೆ ಹಾಡಲು ಹಿಂಜರಿದಾಗ ಮೂರು ಮೂರೂವರೆ ನಿಮಿಷಕ್ಕೆ ಠುಮ್ರಿಯನ್ನು ಕತ್ತರಿಸಿ ಕೂರಿಸುವ ಲೆಕ್ಕ ಆಕೆಗೆ ಸಿದ್ಧಿಸಿತ್ತು. ತನ್ನ ಮೆನೇಜರ್ ತಾನೇ ಆಗಿದ್ದ ಹೆಣ್ಣು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ದುಡಿದ ಹಣ ಕೈಯಲ್ಲಿ ನಿಲ್ಲಲಿಲ್ಲ. ಕಲೆಯ ಲೆಕ್ಕ ಬಲ್ಲವರಿಗೆ ಮನೆಯ ಲೆಕ್ಕವೂ ಬರಬೇಕೆಂದಿಲ್ಲ.

ಈಗ ನಮ್ಮವರ ವಲಸೆಗೆ ಬರೋಣ. ಕಾಪು, ಪಡುಬಿದ್ರಿ, ಮೂಲ್ಕಿಯ ಕಡೆಯ ಹುಡುಗರು ಮುಂಬಯಿಗೆ ಹೋದದ್ದು ಹೊಟ್ಟೆಪಾಡಿಗೆ. ಹಗಲು ಹೊಟೇಲಿನಲ್ಲಿ ಗ್ಲಾಸು ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ, ಆ ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲ ಸಲ ಬಣ್ಣ ಹಚ್ಚಿದವರು ಎಷ್ಟೋ ಮಂದಿ. ಮೊಗವೀರರು 1902ರಲ್ಲೇ ಅಲ್ಲಿ ತಮ್ಮ ಮಂಡಳಿ ಕಟ್ಟಿಕೊಂಡರು. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಬಂಟರ ಸಂಘ ಹೀಗೆ ಒಂದೊಂದೇ ಎದ್ದವು. ಮಳೆಗಾಲದಲ್ಲಿ ಊರಿನ ಕಲಾವಿದರಿಗೆ ಕೆಲಸವಿಲ್ಲದ ಹೊತ್ತಿಗೆ ಅವರನ್ನು ಕರೆಸಿ ಸಭಾಗೃಹಗಳಲ್ಲಿ ಆಟ, ತಾಳಮದ್ದಳೆ ಇಡಿಸಿದ್ದು ಈ ವಲಸೆಗಾರರ ಬುದ್ಧಿ. ಊರಿನಲ್ಲಿ ಇದ್ದವರಿಗೆ ಆಟ ತಾನಾಗಿ ಸಿಗುತ್ತಿತ್ತು. ಮುಂಬಯಿಯಲ್ಲಿ ಅದನ್ನು ಯಾರಾದರೂ ಏರ್ಪಡಿಸದೆ ಸಿಗುವಂತಿರಲಿಲ್ಲ. ಏರ್ಪಾಟು ಮಾಡುವ ವಿದ್ಯೆ ಕಲಿತದ್ದು ಹಾಗೆ. ಇವತ್ತಿಗೂ ನಮ್ಮಲ್ಲಿ ಯಾವ ದೇವಸ್ಥಾನದ ಬ್ರಹ್ಮಕಲಶವಾದರೂ ಒಂದು ಮುಂಬಯಿ ಸಮಿತಿ ಇದ್ದೇ ಇರುತ್ತದೆ.

ಆ ಸಾಲಿನಲ್ಲಿ ಎದ್ದು ಕಾಣುವವರು ಸದಾನಂದ ಸುವರ್ಣರು. ಮೂಲ್ಕಿಯಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಮುಂಬಯಿ ಸೇರಿ, ಅಲ್ಲಿನ ಕನ್ನಡ ರಂಗಭೂಮಿಯಲ್ಲಿ ನಟನಾಗಿ, ನಿರ್ದೇಶಕನಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಸಂಘಟಕನಾಗಿ ದಶಕಗಳನ್ನು ಕಳೆದರು. 1977ರಲ್ಲಿ ಅವರು ಹಣ ಹೂಡಿದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಆಗಷ್ಟೇ ಹೊರಬಂದಿದ್ದ ಒಬ್ಬ ಹುಡುಗನ ಮೊದಲ ಚಿತ್ರಕ್ಕೆ. ಕಪ್ಪು ಬಿಳುಪು, ತಾರೆಯರಿಲ್ಲ, ಕತೆ ಅನಂತಮೂರ್ತಿಯವರದ್ದು, ವಿಧವೆಯ ಬಸಿರು ಮತ್ತು ಬಹಿಷ್ಕಾರ ವಸ್ತು. ಹಂಚಿಕೆದಾರರು ಕೇಳಿದರೆ ಎದ್ದು ಹೋಗುವಂಥ ಚಿತ್ರ. ಅದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಸ್ವರ್ಣಕಮಲ ಬಂತು. ನಿರ್ದೇಶಕನ ಹೆಸರು ಎಲ್ಲರಿಗೂ ನೆನಪಿದೆ, ನಿರ್ಮಾಪಕರದ್ದನ್ನು ಹೇಳಿ ನೋಡೋಣ ಎಂದರೆ ಚಿತ್ರ ನೋಡಿದವರೂ ತಡವರಿಸುತ್ತಾರೆ. ಮುಂದೆ ದೂರದರ್ಶನಕ್ಕೆ ‘ಗುಡ್ಡದ ಭೂತ’ ಧಾರಾವಾಹಿಯನ್ನು ಅವರೇ ನಿರ್ದೇಶಿಸಿದಾಗ ತುಳುನಾಡಿನ ಮಣ್ಣು, ಮರ, ಮಾತು ಕರ್ನಾಟಕದ ಮನೆಮನೆಗೆ ಹೋಯಿತು. ಆಗಿನ್ನೂ ಹೊಸಬರಾಗಿದ್ದ ಪ್ರಕಾಶ್ ರೈ ಅದರಲ್ಲಿದ್ದರು. ಸುವರ್ಣರು ಕೊನೆಗಾಲಕ್ಕೆ ಮಂಗಳೂರಿಗೆ ಮರಳಿ, 2024ರ ಜುಲೈಯಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಎರಡು ತಿಂಗಳೊಳಗೆ ವೆನಿಸ್ ಚಿತ್ರೋತ್ಸವದಲ್ಲಿ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ ತೆರೆಕಂಡಿತು.

ಉಡುಪಿಯಲ್ಲೇ ಇದ್ದು ಈ ಕೆಲಸ ಮಾಡಿದವರಲ್ಲಿ ಕು.ಶಿ. ಹರಿದಾಸ ಭಟ್ಟರದ್ದು ಬೇರೆ ದಾರಿ. ಅವರು ಅರ್ಥಶಾಸ್ತ್ರದ ಮೇಷ್ಟ್ರು, ಎಂ.ಜಿ.ಎಂ. ಕಾಲೇಜಿನ ಪ್ರಾಂಶುಪಾಲರು. ಕುಣಿದವರಲ್ಲ, ಪದ ಹೇಳಿದವರಲ್ಲ. 1970ರ ದಶಕದ ಮೊದಲಲ್ಲಿ ಕಾಲೇಜಿನ ಆಸರೆಯಲ್ಲಿ ಯಕ್ಷಗಾನ ಕೇಂದ್ರ ಶುರುವಾದಾಗ ಶಿವರಾಮ ಕಾರಂತರನ್ನು ಅದಕ್ಕೆ ಕಟ್ಟಿಕೊಂಡದ್ದು, ತಂಡವನ್ನು ಹೊರದೇಶಗಳಿಗೆ ಕಳಿಸಿದ್ದು, ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟಿನ ಯೋಜನೆಯನ್ನು ಕಟ್ಟಿ ನಿಲ್ಲಿಸಿದ್ದು, ಫೋರ್ಡ್ ಪ್ರತಿಷ್ಠಾನದ ನೆರವು ತಂದು 1983ರಲ್ಲಿ ಜನಪದ ರಂಗಕಲೆಗಳ ಪ್ರಾದೇಶಿಕ ಸಂಪನ್ಮೂಲ ಕೇಂದ್ರ ತೆರೆದದ್ದು, ಎಲ್ಲದರ ಹಿಂದೆ ಅವರ ಪತ್ರವ್ಯವಹಾರವಿತ್ತು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಉಡುಪಿಗೆ ಬಂದದ್ದು ಈ ನಂಟಿನಿಂದಲೇ. 1990ರ ಡಿಸೆಂಬರಿನಲ್ಲಿ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಹಾಂಕೊ ದಂಪತಿಗಳು, ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ದಾಖಲಿಸಿದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾದಾಗ ಅದು 15,683 ಸಾಲು ಇತ್ತು. ಗದ್ದೆ ಕೆಲಸದ ನಡುವೆ ಹಾಡುತ್ತಿದ್ದವರ ಪಾಡ್ದನ ಜಗತ್ತಿನ ಮಹಾಕಾವ್ಯಗಳ ಕಪಾಟಿನಲ್ಲಿ ಕುಳಿತದ್ದಕ್ಕೆ ಹಾಡಿದವರ ನೆನಪಿನ ಶಕ್ತಿ ಮುಖ್ಯ ಕಾರಣ. ಆದರೆ ವೀಸಾ, ಅನುದಾನ, ವಸತಿ, ಕಾರು ಇವನ್ನು ಹೊಂದಿಸಿದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊರಗಣ್ಣಿಗೆ ಅದರದ್ದೇ ಅಪಾಯವೂ ಉಂಟು. ಕಾರಂತರು ವಾಚಿಕ ಕಳೆದು, ಪಿಟೀಲು ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನವನ್ನು ಬ್ಯಾಲೆ ಮಾಡಿದ್ದು ಭಾಷೆ ಗೊತ್ತಿಲ್ಲದ ಪ್ರೇಕ್ಷಕರನ್ನು ಮುಟ್ಟಲಿ ಎಂದು. ಅರ್ಥಗಾರಿಕೆ ಇಲ್ಲದ ಆಟವೇ ಎಂದು ಊರವರು ಗೊಣಗಿದರು. ನನಗೂ ಶೇಣಿ, ಸಾಮಗರಂಥ ಅರ್ಥಧಾರಿಗಳ ಮಾತು ಕೇಳದ ಆಟ ಅರ್ಧ ಹೊಟ್ಟೆಯೇ. ಬಾಗಿಲು ಅಗಲ ಮಾಡುವ ಭರದಲ್ಲಿ ಗೋಡೆ ಕೆಡವಬಾರದು ಎಂಬ ವಾದ ಉಡುಪಿಯಲ್ಲಿ ಇನ್ನೂ ಮುಗಿದಿಲ್ಲ.

ಗೋಡೆಯನ್ನೇ ಕೆಡವಿ, ಹೊತ್ತು ತಂದು, ಮತ್ತೆ ನಿಲ್ಲಿಸಿದ ಮನುಷ್ಯ ವಿಜಯನಾಥ ಶೆಣೈ. ಉಡುಪಿಯವರು, ಸಿಂಡಿಕೇಟ್ ಬ್ಯಾಂಕಿನ ನೌಕರ. ಊರಿನಲ್ಲಿ ಸಂಗೀತ ಕಛೇರಿ ಏರ್ಪಡಿಸುತ್ತಿದ್ದ ರಸಿಕ. ವಾಸ್ತುಶಿಲ್ಪ ಓದಿದವರಲ್ಲ. ಎಪ್ಪತ್ತರ ದಶಕದಲ್ಲಿ ಕರಾವಳಿಯ ದೊಡ್ಡ ಮನೆಗಳು ಒಂದರ ಹಿಂದೆ ಒಂದು ಉರುಳುತ್ತಿದ್ದವು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿಯ ಅಕ್ಕಿ ನಿಂತಿತ್ತು. ಕೂಡುಕುಟುಂಬಗಳು ಪಾಲಾಗುತ್ತಿದ್ದವು, ಮಕ್ಕಳು ಮುಂಬಯಿ, ಗಲ್ಫ್ ಸೇರಿದ್ದರು. ಹತ್ತಾರು ಕೋಣೆಯ ಮನೆಗೆ ಮಳೆಗಾಲದ ಮುಂಚೆ ಹಂಚು ಹೊದೆಸುವವರಿಲ್ಲ. ಕೆಡವಿದರೆ ಮರಕ್ಕೆ ಕ್ರಯ ಸಿಗುತ್ತಿತ್ತು. ಕುಸುರಿ ಕೆತ್ತಿದ ಹಲಸಿನ ಕಂಬ, ತೇಗದ ಬಾಗಿಲು, ಮುಚ್ಚಿಗೆಯ ಹಲಗೆ ಗುಜರಿಗೆ ಹೋಗುತ್ತಿದ್ದವು, ಕೆಲವು ಸೌದೆಯೂ ಆದವು. ಶೆಣೈಯವರು ಅವನ್ನು ಕೊಂಡು ಕೂಡಿಡತೊಡಗಿದರು. ಸಂಬಳದವನು ಮಾಡುವ ಕೆಲಸವೇ ಅದು ಎಂದು ನಕ್ಕವರು ಇದ್ದರು.

ಮೊದಲು ಅವರು ಆ ತುಂಡುಗಳಿಂದ ಮಣಿಪಾಲದ ಅನಂತನಗರದಲ್ಲಿ ತಮಗಾಗಿಯೇ ಒಂದು ಮನೆ ಕಟ್ಟಿಕೊಂಡರು. ಹೆಸರು ಹಸ್ತಶಿಲ್ಪ. ನೋಡಲು ಬಂದವರ ಸಾಲು ನಿಲ್ಲದೆ, ವಾಸಕ್ಕೆ ಕಟ್ಟಿದ ಮನೆ ವಸ್ತುಸಂಗ್ರಹಾಲಯವಾಗಿ ಟ್ರಸ್ಟಿನ ಕೈಗೆ ಹೋಯಿತು. ಆಮೇಲೆ ಮಣ್ಣಪಳ್ಳದ ಕೆರೆಯ ಬದಿಯಲ್ಲಿ ಸುಮಾರು ಆರು ಎಕರೆ ಜಾಗದಲ್ಲಿ ಪಾರಂಪರಿಕ ಗ್ರಾಮ. ಅಲ್ಲಿ ಕಾಪುವಿನ ಪಕ್ಕದ ಕುಂಜೂರಿನ ಚೌಕಿಮನೆ ಇದೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಇದೆ, ಕುಕನೂರಿನ ಕಮಲ್ ಮಹಲ್, ಮುಧೋಳ ಅರಮನೆಯ ದರ್ಬಾರು, ಬಾಸೆಲ್ ಮಿಷನ್ ಮನೆ, ರವಿವರ್ಮನ ಅಚ್ಚುಚಿತ್ರಗಳ ಕೋಣೆ, ಒಂದು ಪೇಟೆಬೀದಿ.

ಒಂದು ಮನೆಯನ್ನು ಎತ್ತಿ ತರುವುದು ಹೇಗೆ ಎಂದು ಕೇಳಬಹುದು. ನಮ್ಮ ಹಳೆಯ ಬಡಗಿಗಳು ಕಬ್ಬಿಣದ ಮೊಳೆಯನ್ನು ಹೆಚ್ಚು ನಂಬಿದವರಲ್ಲ. ಮರಕ್ಕೆ ಮರ ಕಚ್ಚಿಸಿ, ಮರದ ಬೆಣೆ ಹೊಡೆದು ನಿಲ್ಲಿಸುತ್ತಿದ್ದರು. ಬೆಣೆ ತೆಗೆದರೆ ಕೂಡಿಕೆ ಬಿಚ್ಚುತ್ತದೆ. ಮೊದಲು ಮನೆಯ ಅಳತೆ, ನಕ್ಷೆ, ಫೋಟೊ. ಆಮೇಲೆ ಪ್ರತಿ ಕಂಬ, ತೊಲೆ, ಪಕಾಸಿಗೆ ಒಂದು ನಂಬರು. ಹಂಚಿನಿಂದ ಶುರುಮಾಡಿ ಅಡಿಪಾಯದ ಕಲ್ಲಿನವರೆಗೆ ಇಳಿಸಿ ಲಾರಿಗೆ ತುಂಬುವುದು. ಬಿಚ್ಚುವುದು ಬೇಗ ಆಗುತ್ತದೆ, ಕೂಡಿಸುವುದು ವರ್ಷಗಳ ಕೆಲಸ. ಗೆದ್ದಲು ತಿಂದ ತುಂಡಿಗೆ ಬದಲು ಕೆತ್ತಬೇಕು, ಕೆತ್ತಬಲ್ಲ ಆಚಾರಿಗಳು ಬೇಕು, ಅವರಿಗೆ ವಾರ ವಾರ ಬಟವಾಡೆ ಆಗಬೇಕು. ಇಷ್ಟಾದ ಮೇಲೆ ಸರ್ಕಾರದ ಕಡತ, ದಾನಿಗಳ ಮನೆ ಬಾಗಿಲು. ಮನೆ ಮಾರುವವರ ದುಃಖವನ್ನೂ ಕೂತು ಕೇಳಬೇಕು. ಹಿರಿಯರ ಚಾವಡಿ ಬಿಚ್ಚುವಾಗ ಅಳುವವರು ಇರುತ್ತಾರೆ. ಸಾಲದ ಅರ್ಜಿಗಳ ನಡುವೆ ಆಯುಷ್ಯ ಕಳೆದ ಬ್ಯಾಂಕಿನವನಿಗೆ ಇದೆಲ್ಲ ಒಗ್ಗಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಶೆಣೈ 2017ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಅವಾಕಿಯನ್ನರೂ ಹೋದರು, 98 ವರ್ಷ. ಇಬ್ಬರಿಗೂ ಪರಸ್ಪರ ಪರಿಚಯವಿದ್ದಿರಲಾರದು.

ಇನ್ನೊಂದು ಊರಿನಿಂದ ಬಂದು ಕನ್ನಡದಲ್ಲಿ ನೆಲೆಯಾಗಿ ಇಂಥ ಕೆಲಸ ಮಾಡಿದವರೆಂದರೆ ಅರುಂಧತಿ ನಾಗ್. ದೆಹಲಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ಮರಾಠಿ, ಗುಜರಾತಿ, ಹಿಂದಿ ನಾಟಕಗಳಲ್ಲಿ ಪಳಗಿ, ಶಂಕರ್ ನಾಗ್ ಅವರ ಕೈಹಿಡಿದು ಬೆಂಗಳೂರಿಗೆ ಬಂದ ಮೇಲೆ ಕನ್ನಡ ಕಲಿತವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ಗಂಡ ತೀರಿಕೊಂಡು, ತಾವೂ ತೀವ್ರವಾಗಿ ಗಾಯಗೊಂಡ ಮೇಲೆ ಅವರು ಹಿಡಿದದ್ದು ರಂಗಮಂದಿರ ಕಟ್ಟುವ ಕೆಲಸ. ಸಂಕೇತ್ ಟ್ರಸ್ಟ್, ಜೆ.ಪಿ. ನಗರದಲ್ಲಿ ಸರ್ಕಾರದ ಗುತ್ತಿಗೆ ನಿವೇಶನ, ಹಣಕ್ಕಾಗಿ ಹತ್ತು ವರ್ಷದ ಅಲೆದಾಟ. 2004ರ ಅಕ್ಟೋಬರ್ 28ಕ್ಕೆ ರಂಗ ಶಂಕರ ತೆರೆಯಿತು. ಅಲ್ಲಿನ ನಿಯಮಗಳು ಪ್ರಸಿದ್ಧ: ಹೊತ್ತಿಗೆ ಸರಿಯಾಗಿ ನಾಟಕ ಶುರು, ತಡವಾಗಿ ಬಂದವರು ಯಾರೇ ಆಗಲಿ ಒಳಗೆ ಪ್ರವೇಶವಿಲ್ಲ, ಫೋನ್ ಇಲ್ಲ, ತಂಡಗಳಿಗೆ ಬಾಡಿಗೆ ಹೊರೆಯಾಗಬಾರದು, ಸೋಮವಾರ ಬಿಟ್ಟರೆ ದಿನವೂ ನಾಟಕ. ಮಂತ್ರಿ ಬರುವ ತನಕ ದೀಪ ಬೆಳಗಿಸದ ನಮ್ಮ ಸಭೆಗಳ ನಡುವೆ ಇದು ಸಣ್ಣ ಕ್ರಾಂತಿ. ಊರಿನವರಾಗಿದ್ದರೆ ಯಾರೋ ದೊಡ್ಡವರಿಗಾಗಿ ಆ ಬಾಗಿಲು ಒಂದು ಸಲ ತೆರೆಯುತ್ತಿತ್ತು, ಆಮೇಲೆ ದಿನಾ ತೆರೆಯುತ್ತಿತ್ತು.

ಹಾಗಾದರೆ ಇವತ್ತು ಕಾಪುವಿನ ಒಬ್ಬ ಹುಡುಗಿ, ತನಗೆ ಕುಣಿಯಲೂ ಬಾರದು, ಹಾಡಲೂ ಬಾರದು, ಆದರೆ ಇದನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ ಎಂದರೆ? ಬೆಂಗಳೂರಿನಲ್ಲಿ 1993ರಿಂದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, ಕಲಾವಿದರಿಗೂ ಸಂಶೋಧಕರಿಗೂ ಅನುದಾನ ಕೊಡುತ್ತದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ಮಧ್ಯೆ ಬೆಳೆಸಿದ ನೀನಾಸಂ ಇದೆ. ಅದರ ತಿರುಗಾಟ ತಂಡದ ಓಡಾಟವನ್ನು ಒಂದು ವರ್ಷ ಹತ್ತಿರದಿಂದ ನೋಡಿದರೆ ಯಾವ ಪದವಿಗೂ ಕಡಿಮೆಯಲ್ಲ. ಅರ್ಜಿ ಬರೆಯಲು, ಒಪ್ಪಂದ ಓದಲು, ಬಜೆಟ್ ಹಾಕಲು ಕಲಿಯಬೇಕು. ಅಷ್ಟು ಕಲಿತರೂ ಒಂದು ಕಷ್ಟ ಉಳಿಯುತ್ತದೆ. ನಮ್ಮ ಸಂಘಗಳಲ್ಲಿ ಸಂಘಟಕ ಎಂದರೆ ಗೌರವ ಕಾರ್ಯದರ್ಶಿ. ಗೌರವ ಎಂದರೆ ಸಂಬಳವಿಲ್ಲ ಎಂದು ಅರ್ಥ. ಪ್ರಾಯೋಜಕರು ಶಾಮಿಯಾನಕ್ಕೆ ಕೊಡುತ್ತಾರೆ, ಊಟಕ್ಕೆ ಕೊಡುತ್ತಾರೆ, ನೆನಪಿನ ಕಾಣಿಕೆಗೆ ಕೊಡುತ್ತಾರೆ. ಆರು ತಿಂಗಳು ಅದಕ್ಕಾಗಿ ಓಡಾಡಿದವರ ಪಾಲು ಖರ್ಚಿನ ಪಟ್ಟಿಯಲ್ಲಿ ಇರುವುದಿಲ್ಲ, ಇಟ್ಟರೆ ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳುತ್ತಾರೆ. ಹರಿದಾಸ ಭಟ್ಟರಿಗೆ ಕಾಲೇಜಿನ ಸಂಬಳವಿತ್ತು, ಶೆಣೈಯವರಿಗೆ ಬ್ಯಾಂಕಿನದ್ದಿತ್ತು, ಮುಂಬಯಿಯವರಿಗೆ ಹಗಲಿನ ದುಡಿಮೆಯಿತ್ತು. ಕಲೆಗೆ ಅವರು ಕೊಟ್ಟದ್ದು ಸಂಜೆಯನ್ನು ಮತ್ತು ನಿವೃತ್ತಿಯನ್ನು. ಕಲೆಯ ವ್ಯವಸ್ಥೆಯನ್ನೇ ಹಗಲಿನ ಉದ್ಯೋಗ ಮಾಡಿಕೊಂಡು, ಅದರಲ್ಲೇ ಮನೆ ನಡೆಸುವವರು ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಸಿಗುವುದು ಯಕ್ಷಗಾನ ಮೇಳಗಳಲ್ಲೇ. ಅಲ್ಲಿ ಹರಕೆಯ ಆಟ ವರ್ಷವೂ ಬರುತ್ತದೆ, ವೀಳ್ಯ ನಿಲ್ಲುವುದಿಲ್ಲ, ಆದ್ದರಿಂದ ಮೆನೇಜರರ ಸಂಬಳಕ್ಕೂ ದಾರಿ ಇದೆ.